ನಾಯಿಯ ಪಾಲಿನ ತಲೆ

ನಮ್ಮ ಹಟ್ಟಿಯಲ್ಲಿ ಈಗ ಕುರಿಗಳಿಲ್ಲ. ನಾನು ಹಾವೇರಿಯಲ್ಲಿ ಪಶುವೈದ್ಯೆ. ಈ ಎರಡು ಮಾತನ್ನು ಒಟ್ಟಿಗೆ ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಹತ್ತನೆಯವರೆಗೆ ಮೇಡ್ಲೇರಿಯಲ್ಲಿ ಕನ್ನಡದಲ್ಲೇ ಓದಿದವಳು. ರಾಣೆಬೆನ್ನೂರಿನ ಪಿಯುಸಿ ದಾಟಿ ಪಶುವೈದ್ಯಕೀಯ ಕಾಲೇಜು ಸೇರಿದರೆ ಎಲ್ಲವೂ ಇಂಗ್ಲಿಷು. ನರರೋಗಗಳ ಪಾಠದ ದಿನ, ಮೆದುಳಿನ ರೋಗ ಬಂದ ಕುರಿ ಹೇಗೆ ನಡೆಯುತ್ತದೆ ಎಂದು ಮೇಷ್ಟ್ರು ಕೇಳಿದರು. ನಮ್ಮ ಹಟ್ಟಿಯಲ್ಲಿ ನೋಡಿ ನೋಡಿ ಸಾಕಾಗಿದ್ದ ವಿಷಯ, ಹುರುಪಿನಿಂದ ಎದ್ದೆ. ‘ರೌಂಡ್ ರೌಂಡ್ ಗೋಯಿಂಗ್ ಸರ್’ ಅಂದೆ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. “ಸರ್ಕ್ಲಿಂಗ್ ಅನ್ನಬೇಕಮ್ಮ, ಡಾಕ್ಟರ್ ಆಗೋಳು ನೀನು” ಅಂದ ಮೇಷ್ಟ್ರೂ ನಗುತ್ತಲೇ ಇದ್ದರು.

ಆ ಸಿಟ್ಟಿಗೆ ಶಬ್ದಗಳನ್ನು ಕಷಾಯ ಕುಡಿದಂತೆ ಕುಡಿದೆ. ತೂರಾಡಿದರೆ ಅಟಾಕ್ಸಿಯಾ, ಕಣ್ಣುಗುಡ್ಡೆ ಅದುರಿದರೆ ನಿಸ್ಟ್ಯಾಗ್ಮಸ್. ಹಾಸ್ಟೆಲಿನ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಜೋರಾಗಿ ಹೇಳಿಕೊಳ್ಳುತ್ತಿದ್ದೆ. ನಮ್ಮ ಕುರಿಗಳು ಸುತ್ತು ಹೊಡೆಯುವ ಬೇನೆಗೆ ಸೀನ್ಯೂರೋಸಿಸ್ ಎಂಬ ಹೆಸರಿದೆಯೆಂದು ತಿಳಿದದ್ದು ಆಗಲೇ. ಅದು ಬರುವ ದಾರಿಯನ್ನು ಎರಡೆರಡು ಸಲ ಓದಿದೆ. ಕುರಿಯ ಮೆದುಳಲ್ಲಿ ನೀರುಗುಳ್ಳೆಯಾಗಿ ಕೂತ ಹುಳ, ಆ ತಲೆ ತಿಂದ ನಾಯಿಯ ಹೊಟ್ಟೆ ಸೇರುತ್ತದೆ. ನಾಯಿಯ ಹೇಲಿನಿಂದ ಹುಲ್ಲಿಗೆ, ಹುಲ್ಲಿನಿಂದ ಮತ್ತೆ ಕುರಿಗೆ. ನಮ್ಮಲ್ಲೋ, ಸುತ್ತು ಹೊಡೆದ ಕುರಿಯನ್ನು ಕೊಯ್ದರೆ ತಲೆಯನ್ನು ಮನುಷ್ಯರು ಮುಟ್ಟುವುದಿಲ್ಲ. ಅದು ಹಟ್ಟಿ ಕಾಯುವ ನಾಯಿಯ ಪಾಲು. ಪಾಲು ತಪ್ಪಿಸಿದರೆ ನಾಯಿ ಕಾವಲು ಬಿಡುತ್ತದಂತೆ. ಇದೊಂದನ್ನು ನಿಲ್ಲಿಸಿದರೆ ಹಟ್ಟಿ ಉಳಿದೀತು ಅನ್ನಿಸಿತು.

ರಜೆಗೆ ಊರಿಗೆ ಓಡಿದೆ. ಅಪ್ಪ ಅಂಥದೇ ಒಂದು ಕುರಿ ಕೊಯ್ದಿದ್ದ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಕಾಕಾ ಊಟಕ್ಕೆ ಬಂದಿದ್ದ.

“ಆ ತಲಿ ನಾಯಿಗೆ ಹಾಕಬ್ಯಾಡಪ್ಪಾ, ಸುಟ್ಟುಬಿಡು. ಬ್ಯಾನಿ ನಾಯಿಯಿಂದನ ಬರಾಕತ್ತೈತಿ” ಅಂದು, ಹುಳದ ದಾರಿಯನ್ನೆಲ್ಲ ಬಿಡಿಸಿ ಹೇಳಿದೆ.

ಅಪ್ಪ ನಕ್ಕ. “ಇಷ್ಟು ಹೇಳಾಕ ಅಷ್ಟು ದೂರ ಹೋಗಿ ಓದಬೇಕೇನವಾ?”

“ಡಾಕ್ಟರ್ ಮಾತು ಆಡವಾ. ಇಂಗ್ಲೀಷಿನ್ಯಾಗ ಏನಂತಾರ ಇದಕ್ಕ?” ಅಂದ ಕಾಕಾ.

ಇಂಗ್ಲಿಷ್ ಕೇಳಿದ ಮೇಲಾದರೂ ಮಾತಿಗೆ ಬೆಲೆ ಬಂದೀತೆಂದು ಒಂದೇ ಉಸಿರಿಗೆ ಎಲ್ಲ ಒದರಿದೆ. ಕಾಕಾ ತೊಡೆ ತಟ್ಟಿದ. “ಕೇಳಿದೇನ ಅಣ್ಣಾ! ಖರೇನ ಡಾಕ್ಟರ್ ಆದ್ಳು ನಮ್ಮ ಹುಡುಗಿ!” ಅಪ್ಪನ ಕಣ್ಣು ತುಂಬಿ ಬಂತು. ಆ ಖುಷಿಯಲ್ಲೇ ಎದ್ದು ತಲೆಯನ್ನು ನಾಯಿಗೆ ಹಾಕಿದ. ನನಗೆ ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ.

ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂತು. ತಡೆಯುವುದು ಹೇಗೆ ಎಂಬಲ್ಲಿ, ಅಪ್ಪನಿಗೆ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆದೆ. ಮೇಷ್ಟ್ರು ಪೂರ್ತಿ ಅಂಕ ಕೊಟ್ಟು, ಕ್ಲಾಸಿನಲ್ಲಿ ಹೊಗಳಿದರು. ಯಾರಿಗೆ ಬೇಕಾಗಿತ್ತು ಆ ಹೊಗಳಿಕೆ?

ಮುಂದಿನ ರಜೆಗೆ ಹೋದಾಗ, ಅವ್ವ ಬಾಟಲಿ ಹಾಲು ಕುಡಿಸಿ ಬೆಳೆಸಿದ ಕುರಿಯೇ ಸುತ್ತು ಹೊಡೆಯುತ್ತಿತ್ತು. ಬೇರೆ ಕೆಲವೂ ತಲೆ ವಾಲಿಸಿಕೊಂಡು ನಿಂತಿದ್ದವು. ಅಪ್ಪ ಅವ್ವನ ಕುರಿಯನ್ನು ಕೊಯ್ದ. “ನಾಯಿಗೆ ಹಾಕಿದ್ರ ಉಳಿದುವಕ್ಕೂ ಬರತೈತೇನ?” ಅಂತ ಅವ್ವ ಕೇಳಿದಳು. ಹೂಂ ಅಂದೆ. ಅವಳು ತಲೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಬೇಲಿ ಬುಡದಲ್ಲಿ ಹೂತಳು.

ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಹಾರೆ ಹಿಡಿದು ಅಲ್ಲೇ ಅಗೆಯುತ್ತಿದ್ದ. ನಾನು ಕೈ ಹಿಡಿದೆ. ಮೆಲ್ಲಗೆ ಬಿಡಿಸಿಕೊಂಡ. “ಮೂಕ ಪ್ರಾಣಿದು ಅನ್ನ ಕಸೀಬಾರದವಾ” ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಮಣ್ಣು ಕೊಡವಿ, ತಲೆಯನ್ನು ನಾಯಿಯ ಮುಂದಿಟ್ಟ.