ಅಕ್ಕನ ಮೂಗು

ಸೇಲಂನ ಶೆವ್ವಾಪೇಟೆಯಲ್ಲಿ ನನ್ನ ಅಕ್ಕ ಶಾಂತಾಬಾಯಿಯ ಮನೆ. ಬೇಸಿಗೆ ಕಾಲಿಡುವ ಹೊತ್ತಿಗೆ, ತಮಿಳರ ಮಾಸಿ ತಿಂಗಳಲ್ಲಿ, ಒಂದು ದಿನ ಆ ಬೀದಿಗೆ ಬಂದವರು ಬಾಗಿಲ ನಂಬರು ನೋಡಬೇಕಾಗಿಲ್ಲ. ಹುರಿದ ಕೊತ್ತಂಬರಿ ಬೀಜದ ವಾಸನೆಯೇ ಕೈಹಿಡಿದು ಒಳಗೆ ಕರೆದುಕೊಂಡು ಹೋಗುತ್ತದೆ. ಆ ದಿನ ಅಕ್ಕ ಬಳಗಕ್ಕೆಲ್ಲ ವರ್ಷಕ್ಕಾಗುವಷ್ಟು ಹುಳಿಪುಡಿ ಮಾಡುತ್ತಾಳೆ. ಹರೂರಿನ ನಾದಿನಿಗೊಂದು ಡಬ್ಬಿ, ಮೊರಪ್ಪೂರಿನ ಚಿಕ್ಕಮ್ಮನಿಗೊಂದು, ಮದುವೆಯಾಗದೆ ಉಳಿದ ತಮ್ಮನೆಂಬ ಕನಿಕರಕ್ಕೆ ನನಗೆ ತುಸು ದೊಡ್ಡದು. ಮುಂಜಿಯಾಗಲಿ, ಮದುವೆಯಾಗಲಿ, ಹುಳಿ ಚೆನ್ನಾಗಿದ್ದರೆ "ಶಾಂತಕ್ಕನ ಪುಡಿ" ಎಂದು ಪಂಕ್ತಿಯಲ್ಲಿ ಯಾರಾದರೂ ಹೇಳಲೇಬೇಕು. ಅಕ್ಕ ಕೇಳಿಸದವಳಂತೆ ಸೆರಗು ಸರಿಮಾಡಿಕೊಳ್ಳಲೇಬೇಕು.

ಇಂಥ ಅಕ್ಕನಿಗೆ ಮೂರು ವರ್ಷದಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ. ಒಂದು ಜ್ವರ ಬಂತು. ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಮೊದಲು ಗ್ಯಾಸ್ ಒಲೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಮಗ ಪ್ರಮೋದ ವಿಮಾ ಕಂಪನಿಯಲ್ಲಿದ್ದಾನೆ. ಅವನಿಗೆ ಊಟದ ಎಲೆಯಲ್ಲೂ ಅಪಾಯವೇ ಕಾಣುತ್ತದೆ. "ಇಂಡಕ್ಷನ್ ತಂದ್ಬಿಡೋಣ, ಅಡುಗೆಗೆ ಒಬ್ರನ್ನ ಇಡೋಣ, ನೀನು ಹಾಯಾಗಿ ಟಿ.ವಿ. ನೋಡಮ್ಮಾ" ಎಂದು ಆಗಲೇ ಹೇಳುತ್ತಿದ್ದ. ಅಕ್ಕ ಜಗತ್ತಿನಲ್ಲಿ ಹೆದರುವುದು ಹಾಯಾಗಿರುವುದಕ್ಕೆ ಮಾತ್ರ.

ಹಾಗಾದರೆ ಮೂರು ವರ್ಷ ಪುಡಿ ಹೇಗಾಯಿತು? ಭಾವನ ಮೂಗಿನಿಂದ. ಭಾವ ವ್ಯಾಸರಾಜರು ಇ.ಬಿ.ಯಲ್ಲಿ, ಅಂದರೆ ಕರೆಂಟ್ ಆಫೀಸಿನಲ್ಲಿ, ಇದ್ದು ರಿಟೈರ್ ಆದವರು. ಅಡುಗೆಮನೆಗೆ ಬೆನ್ನು ಹಾಕಿದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿರುತ್ತಾರೆ. ಹುಳಿಪುಡಿಯಲ್ಲಿ ಪಂಚಾಯಿತಿಯೆಲ್ಲ ಮೆಂತ್ಯದ್ದು. ಕಡಿಮೆ ಹುರಿದರೆ ಹಸಿ, ಒಂದು ಚಣ ಹೆಚ್ಚಾದರೆ ಕಹಿ. ಕರಿ ಬಾಂಡಲೆಯಲ್ಲಿ ಬಣ್ಣ ನೋಡಿ ಹೇಳುವ ಹಾಗಿಲ್ಲ, ಮೂಗೇ ಹೇಳಬೇಕು. ಸರಿಯಾಗಿ ಆ ಚಣಕ್ಕೆ ಪೇಪರಿನ ಹಿಂದಿನಿಂದ ಭಾವ ಕೂಗುತ್ತಾರೆ:

"ಏನೇ ಶಾಂತಾ, ಮೆಂತ್ಯ! ಸುಟ್ಟು ಹಾಕ್ತೀಯೇನು?"

"ಗೊತ್ತದೆ, ಸುಮ್ಮನಿರಿ!" ಎಂದು ಅಕ್ಕ ಬಾಂಡಲೆ ಇಳಿಸುತ್ತಾಳೆ.

ಮಾತೇ ಆಡದಿದ್ದ ಮನುಷ್ಯ ವಯಸ್ಸಾದ ಮೇಲೆ ಹೀಗೆ ಗೊಣಗಲು ಶುರುಮಾಡಿದರಲ್ಲ ಎಂದು ನಾವೆಲ್ಲ ಅಕ್ಕನಿಗಾಗಿ ಮರುಗುತ್ತಿದ್ದೆವು. ಭಾವನಿಗೆ ಇನ್ನೊಂದು ಹುಚ್ಚೂ ಅಂಟಿಕೊಂಡಿತ್ತು. ಅಕ್ಕ ಒಲೆಯ ಮುಂದಿನಿಂದ ಎದ್ದರೆ ಸಾಕು, ಒಳಗೆ ಹೋಗಿ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ, ಬಗ್ಗಿ ಮೂಸಿ ಬರುವರು. "ಅಪ್ಪ ಇ.ಬಿ. ಬಿಟ್ಟು ಗ್ಯಾಸ್ ಏಜೆನ್ಸಿ ಸೇರಿದಾರೆ" ಎಂದು ಪ್ರಮೋದ ನಗುತ್ತಿದ್ದ. ನಾನೂ ಜೊತೆಗೆ ನಗುತ್ತಿದ್ದೆ.

ಈ ವರ್ಷ ಪುಡಿಯ ಹೊತ್ತಿಗೆ ಸರಿಯಾಗಿ ಭಾವನಿಗೆ ನೆಗಡಿಯಾಯಿತು. ಮೂಗು ಪೂರ್ತಿ ಕಟ್ಟಿ, ಕೋಣೆಯಲ್ಲಿ ಮಫ್ಲರ್ ಸುತ್ತಿಕೊಂಡು ಮಲಗಿದರು. ಅಕ್ಕ ಹುರಿಯುವುದನ್ನು ಮುಂದೆ ಹಾಕಿದಳು, ಮತ್ತೆ ಮುಂದೆ ಹಾಕಿದಳು. ಕಡಯಂಪಟ್ಟಿಯಿಂದ ಬಸ್ಸಿನಲ್ಲಿ ಕೊತ್ತಂಬರಿ, ಮೆಣಸಿನಕಾಯಿ ತಂದು ಒಣಗಿಸಿಕೊಡುವ ಮುನಿಲಕ್ಷ್ಮಿಗೆ ರೇಗಿಹೋಯಿತು.

"ಯಾಕಮ್ಮೋ, ಇವತ್ತೂ ಉರಿಯಾಕಿಲ್ವಾ? ಮೆಣಸಿನ್‌ಕಾಯಿ ನನ್ ತರಾನೇ ಒಣಗೋಗೈತೆ."

"ಇವತ್ತು ದಿನ ಚೆನ್ನಾಗಿಲ್ವೇ."

"ನೆನ್ನೇನೂ ಅಂಗೇ ಅಂದ್ರಿ. ನಿಮ್ ಪಂಚಾಂಗದಾಗೆ ಈ ವಾರಾನೇ ಇಲ್ವಾ ಎಂಗೆ?"

ಅಷ್ಟರಲ್ಲಿ ನಾನು ಹೋದೆ. ನಾನು ಸೇಲಂನಲ್ಲೇ ಒಂದು ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತೇನೆ. ತರಗತಿಗೆ ಬರುವವರಲ್ಲಿ ಅರ್ಧ ಜನ ಅಲ್ಲಿ ಫ್ಯಾನು ತಿರುಗುತ್ತದೆಂದು ಬರುವವರು. ಧರ್ಮಪುರಿಯ ಕಾಲೇಜೊಂದು ನನ್ನನ್ನು ಭಾಷಣಕ್ಕೆ ಕರೆದಿತ್ತು: ಯಂತ್ರಕ್ಕೆ ಬುದ್ಧಿ ಬಂದಿದೆಯಂತೆ, ಪ್ರಜ್ಞೆಯೂ ಬಂದೀತೇ ಎಂಬ ವಿಷಯ. ನಾನು ನಂಬಿದ ದಾರಿ ಸರಳ. ಒಂದು ವಸ್ತುವಿನ ಬಗ್ಗೆ ತಿಳಿದದ್ದನ್ನೆಲ್ಲ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಅದು ಅನುಭವಕ್ಕೆ ಹೇಗೆ ಬರುತ್ತದೋ ಅದನ್ನು ಮೊದಲು ಹೇಳಬೇಕು. ಇಷ್ಟೇ. ಇದನ್ನು ಯಾರಿಗೂ ಅರ್ಥವಾಗದ ಹಾಗೆ ಹೇಳುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಉದಾಹರಣೆಗೆಂದು ಕಾಫಿಯ ಪರಿಮಳ ಇಟ್ಟುಕೊಂಡಿದ್ದೆ. ಅಕ್ಕ ಕೊಟ್ಟ ಕಾಫಿ ಹೀರುತ್ತಾ ಅವಳ ಮೇಲೆಯೇ ಪ್ರಯೋಗಿಸಿದೆ.

"ಕಾಫೀಲಿ ಏನೇನಿದೆ ಅಂತ ಯಂತ್ರ ಪತ್ತೆ ಹಚ್ಚಬಹುದು ಅಕ್ಕಾ. ಆದ್ರೆ ಬೆಳಗ್ಗೆ ಎದ್ದ ಕೂಡ್ಲೇ ಮೂಗಿಗೆ ಬರೋ ಕಾಫಿ ಅದೆಯಲ್ಲ, ಅದು ಅನುಭವ ಆಗೋದು ನಮಗೆ."

ಅಕ್ಕ ತನ್ನ ಲೋಟ ಕೆಳಗಿಟ್ಟಳು. "ಆಗದೆ ಇದ್ದೋರಿಗೆ?" ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. ಪ್ರಮೋದನ ಕಿವಿಗೆ ಹಾಕಕೂಡದೆಂದು ಮಾತು ತೆಗೆದುಕೊಂಡಳು.

"ಹೇಗಿರುತ್ತೆ ಅದು?" ಎಂದೆ. ಕನಿಕರಕ್ಕಿಂತ ಮುಂದೆ ಕುತೂಹಲ ಓಡಿತ್ತು.

"ಹೇಗಿರೋದೇನು? ಮನೆ ಮನೆ ಹಾಗೇ ಅದೆ, ನಾನು ಬಾಗಿಲಾಚೆ ನಿಂತ ಹಾಗೆ. ಕಾಫಿ ಬಿಸಿ ಇರುತ್ತೆ, ಕಹಿ ಇರುತ್ತೆ, ಕಾಫಿ ಮಾತ್ರ ಇರಲ್ಲ. ಮಳೆ ಬಂದ್ರೆ ನೆಲ ಒದ್ದೆ ಆಗುತ್ತೆ, ಅಷ್ಟೇ. ಉಟ್ಟ ಸೀರೆ ಯಾರದೋ ಸೀರೆ." ಆರಿದ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ನಿಮ್ಮ ಭಾವ ಕೂಗ್ತಾರಲ್ಲ, ಆಗ ಒಂದು ಚಣ ಮೆಂತ್ಯ ಹೇಗಿರ್ತಿತ್ತು ಅಂತ ನೆನಪಾಗುತ್ತೆ. ಅವ್ರಿಗೇನೂ ಗೊತ್ತಿಲ್ಲ, ಪಾಪ. ಇವತ್ತು ನೀನು ಆ ಕುರ್ಚೀಲಿ ಕೂತ್ಕೋ. ಘಂ ಅಂದ ಕೂಡ್ಲೇ ಕೂಗು. ಪ್ರಮೋದ ಊಟಕ್ಕೆ ಬರೋದ್ರೊಳಗೆ ಮುಗಿಸ್ಬಿಡೋಣ."

"ಇದೇನು ಮಹಾ!" ಎಂದೆ.

ಮುನಿಲಕ್ಷ್ಮಿ ಮೆಣಸಿನಕಾಯಿ ಮಗುಚಲು ತಾರಸಿಗೆ ಹೋದಳು. ನಾನು ಭಾವನ ಕುರ್ಚಿಯಲ್ಲಿ ಮೂಗಿನ ಸ್ಥಾನ ವಹಿಸಿಕೊಂಡೆ. ಒಳಗೆ ಸೌಟು ಬಾಂಡಲೆಗೆ ತಾಗಿ ಕರ್ ಕರ್ ಎನ್ನುತ್ತಿತ್ತು. ಅಕ್ಕ ಹೇಳಿದ ಮಾತೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ವಾಸನೆ ಇಲ್ಲದಿರುವುದೂ ಒಂದು ಅನುಭವವೇ! ಬಾಗಿಲಾಚೆ ನಿಂತ ಹಾಗೆ! ಕಾಫಿಯನ್ನು ಕೈಬಿಟ್ಟು ಇದನ್ನೇ ಹೇಳಿದರೆ ಧರ್ಮಪುರಿ ಬೆರಗಾಗುತ್ತದೆ. ಜೇಬಿನಲ್ಲಿದ್ದ ಬಸ್ ಟಿಕೆಟಿನ ಹಿಂದೆ ಒಂದು ವಾಕ್ಯ ಗೀಚಿದೆ. ಅದರಲ್ಲಿ 'ಗೈರುಹಾಜರಿ' ಎಂಬ ಪದ ಆಫೀಸಿನ ಹಾಗೆ ಕಂಡು, ಅದಕ್ಕಿಂತ ಸೊಗಸಾದದ್ದೊಂದನ್ನು ಹುಡುಕುತ್ತಾ ಕಣ್ಣು ಮುಚ್ಚಿದೆ.

ಕೋಣೆಯ ಬಾಗಿಲು ದಡಾರೆಂದಿತು. ಮಫ್ಲರ್ ಸುತ್ತಿದ ಭಾವ ಬಾಯಲ್ಲಿ ಉಸಿರೆಳೆಯುತ್ತಾ ನನ್ನನ್ನು ದಾಟಿ ಅಡುಗೆಮನೆಗೆ ನುಗ್ಗಿ ಒಲೆ ಆರಿಸಿದರು. "ಸೀದು ಹೋಯ್ತಲ್ಲೇ ಶಾಂತಾ." ಆಗಲೇ ತಾರಸಿಯ ಮೇಲಿಂದ ಮುನಿಲಕ್ಷ್ಮಿಯ ಕೂಗು: "ಅಮ್ಮೋ, ಏನೋ ಸೀದೋಯ್ತೈತೆ!" ನಾನು ಕಣ್ಣು ಬಿಟ್ಟೆ. ಹಾಲ್ ತುಂಬ ಹೊಗೆ. ಹೊಗೆ ಕಂಡರೂ ಅಕ್ಕ ನನ್ನ ಕೂಗಿಗೇ ಕಾಯುತ್ತಿದ್ದಳಂತೆ. ತಾರಸಿಯವರೆಗೆ ಹೋದ ವಾಸನೆ ದಾರಿಯಲ್ಲಿ ನನ್ನನ್ನೂ ಮಾತಾಡಿಸಿಯೇ ಹೋಗಿರಬೇಕು.

ಅಕ್ಕ ಗಂಡನನ್ನೇ ನೋಡುತ್ತಿದ್ದಳು. "ನಿಮಗೆ ಹೇಗೆ ಗೊತ್ತಾಯ್ತು? ಮೂಗು ಕಟ್ಟಿ ಅದೆಯಲ್ಲ."

"ಸೌಟು ನಿಲ್ಲಲೇ ಇಲ್ಲ. ನಾನು ಕೂಗೋವರ್ಗೂ ನಿನ್ನ ಕೈ ನಿಲ್ಲಲ್ಲ. ಈ ಪ್ರೊಫೆಸರ್ ಕೂಗ್ತಾನೆ ಕೂಗ್ತಾನೆ ಅಂತ ಕಾದೆ."

"ಅಂದ್ರೆ... ನಿಮಗೆ ಮೊದಲೇ ಗೊತ್ತಿತ್ತಾ?"

"ಜ್ವರ ಬಿಟ್ಟ ಮಾರನೇ ದಿನ ತಳ ಹಿಡಿದ ಹಾಲಲ್ಲಿ ಕಾಫಿ ಕೊಟ್ಟೆ."

"ಕುಡಿದ್ರಲ್ಲ!"

"ಕುಡಿದೆ."

"ಒಂದು ಮಾತು ಹೇಳಬಾರದಿತ್ತಾ?"

"ನೀನು ಹೇಳಲಿಲ್ವಲ್ಲ" ಎಂದು ಭಾವ ಬಗ್ಗಿ ರೆಗ್ಯುಲೇಟರ್ ತಿರುಗಿಸಿದರು.

ಮೂರು ವರ್ಷ ಆ ರೆಗ್ಯುಲೇಟರನ್ನು ನೋಡಿ ನಕ್ಕ ನಾನು ಈಗ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ. ಆ ಗೊಣಗಾಟವೂ ಹೆಂಡತಿಗೆ ಆಸರೆಯಾಗಲೆಂದೇ ಆಡಿದ್ದು ಎಂದು ಅರ್ಥವಾಗಲು ನನಗೆ ಒಂದು ಬಾಂಡಲೆ ಮೆಂತ್ಯ ಬೇಕಾಯಿತು.

ಹೊಗೆ ಆರುವ ಮೊದಲೇ ಪ್ರಮೋದ ಬಂದ. "ಎನ್ನಮ್ಮಾ ಆಚ್ಚು, ಏನಾಯ್ತು? ಬೀದಿಯೆಲ್ಲಾ ಸೀದ ವಾಸನೆ!"

"ತಪ್ಪು ನಂದೇ ಕಣೋ, ನಾನೇ ಅವಳನ್ನ ಮಾತಿಗೆಳೆದು..." ಎಂದು ಶುರುಮಾಡಿದೆ.

"ನೀನು ಸುಮ್ಮನಿರೋ" ಎಂದಳು ಅಕ್ಕ. ಸೆರಗಿನಿಂದ ಕೈ ಒರೆಸಿಕೊಂಡಳು. "ನನಗೆ ವಾಸನೆ ಬರಲ್ಲ ಪ್ರಮೋದ. ಮೂರು ವರ್ಷ ಆಯ್ತು. ಒಲೆ ತೆಗೀತೀಯಾ?"

ಪ್ರಮೋದ ನಿಂತಲ್ಲೇ ಕುಕ್ಕರಿಸಿದ. "ಮೂರು ವರ್ಷ... ಗ್ಯಾಸ್ ಲೀಕ್ ಆಗಿದ್ರೆ?"

"ಅದನ್ನ ನಾನು ನೋಡ್ಕೊಂಡಿದೀನಿ" ಎಂದರು ಭಾವ. "ನೀನು ನೋಡಿ ನಕ್ಕಿದೀಯ." ಇನ್ನೂ ಏನೋ ಹೇಳಲಿಕ್ಕಿತ್ತು, ಸೀನು ಬಂದುಬಿಟ್ಟಿತು.

ಮಾರನೇ ದಿನ ಇಂಡಕ್ಷನ್ ಬರಲಿಲ್ಲ, ಒಂದು ಬಿಳಿ ಪೆಟ್ಟಿಗೆ ಬಂತು. ಗ್ಯಾಸ್ ಸೋರಿದರೆ ಕಿರುಚುತ್ತದಂತೆ. ಅದು ಗೋಡೆಯ ಮೇಲಿರುವವರೆಗೆ, ಅಪ್ಪ ಮನೆಯಲ್ಲಿರುವವರೆಗೆ ಒಲೆ ಇರಲಿ ಎಂದ ಪ್ರಮೋದ. ಪೆಟ್ಟಿಗೆ ಮೊದಲ ದಿನವೇ ಇಂಗಿನ ಒಗ್ಗರಣೆಗೆ ಬೊಬ್ಬೆ ಹೊಡೆಯಿತು. ಭಾವ ಟವಲು ಬೀಸಿ ಅದನ್ನು ಸಮಾಧಾನಪಡಿಸಿದರು.

ಅಕ್ಕನ ಒಪ್ಪಿಗೆ ಪಡೆದು, ಧರ್ಮಪುರಿಯಲ್ಲಿ ಈ ಪೆಟ್ಟಿಗೆಯ ಕತೆಯನ್ನೂ ಭಾವನ ಕತೆಯನ್ನೂ ಹೇಳಿದೆ. ಪೆಟ್ಟಿಗೆ ಗ್ಯಾಸನ್ನು ಪತ್ತೆ ಹಚ್ಚುತ್ತದೆ. ಅದಕ್ಕೆ ಮೂಗು ಉಂಟು, ಮೂಗಿಗೆ ಅನುಭವವಾಗುವುದು ಏನೂ ಇಲ್ಲ. ಅಕ್ಕನಿಗೆ ಮೂಗು ಸತ್ತಿದೆ. ಆದರೂ ಗಂಡನ ಒಂದು ಕೂಗಿಗೆ ಮೆಂತ್ಯ ಅವಳಿಗೆ ಅನುಭವವಾಗುತ್ತದೆ. ಈ ಪ್ರಜ್ಞೆ ಗಂಡ ಹೆಂಡತಿ ಇಬ್ಬರಲ್ಲಿ ಯಾರ ತಲೆಯೊಳಗಿದೆ ಎಂದು ಕೇಳಿ ನಿಲ್ಲಿಸಿದೆ. ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು: "ಸಾರ್, ಆ ಪುಡಿ ಎಲ್ಲಿ ಸಿಗುತ್ತೆ?"

ಭಾವನ ನೆಗಡಿ ಬಿಟ್ಟ ಮೇಲೆ ಮತ್ತೆ ಹುರಿಯುವುದೆಂದಾಯಿತು. ನನ್ನನ್ನು ಕುರ್ಚಿಯಿಂದ ದೂರ, ಮುನಿಲಕ್ಷ್ಮಿಯ ಪಕ್ಕದಲ್ಲಿ, ಮೆಣಸಿನಕಾಯಿ ತೊಟ್ಟು ಬಿಡಿಸಲು ಕೂರಿಸಿದರು. "ತೊಟ್ಟಾದ್ರೂ ಕಾಣ್ತೈತಾ ಸಾರೂ?" ಎಂದಳು ಅವಳು. ಭಾವ ಪೇಪರ್ ಹಿಡಿದು ತಮ್ಮ ಜಾಗದಲ್ಲಿ ಕೂತರು. ಒಳಗೆ ಸೌಟು ಕರ್ ಕರ್ ಎನ್ನತೊಡಗಿತು. ಎಲ್ಲರಿಗೂ ಎಲ್ಲ ಗೊತ್ತಾಗಿತ್ತು. ಇನ್ನು ಕೂಗಾಡಬೇಕಾಗಿರಲಿಲ್ಲ, "ಆಯ್ತು ನೋಡು" ಎಂದು ಮೆಲ್ಲಗೆ ಹೇಳಿದರೂ ಸಾಕಿತ್ತು. ಮೆಂತ್ಯ ಘಮ್ಮೆಂದಿತು. ಈ ಸಲ ನನಗೂ ಬಂತು, ಆದರೆ ಯಾರೂ ನನ್ನನ್ನು ಕೇಳಲಿಲ್ಲ.

"ಏನೇ ಶಾಂತಾ, ಮೆಂತ್ಯ! ಸುಟ್ಟು ಹಾಕ್ತೀಯೇನು?"

"ಗೊತ್ತದೆ, ಸುಮ್ಮನಿರಿ!" ಎಂದು ಅಕ್ಕ ಬಾಂಡಲೆ ಇಳಿಸಿದಳು.