ಏರಿಗೆ ಕರೆದ ದನಿ

ಅಣ್ಣ ಏರಿಗೆ ಕರೆದಾಗ ನಾನು ಬಾಗಿಲು ತೆಗೆಯಲಿಲ್ಲ. ಒಳಗೇ ಇದ್ದೆ.

ನಮ್ಮದು ವರ್ತೂರಿನ ಕಡೆಯ ಊರು. ಅಪ್ಪ ಕೆರೆಯ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಏರಿ, ಅಂದರೆ ಕೆರೆಯ ಮಣ್ಣುಕಟ್ಟೆ, ಕಾಯುವುದು ಅವನ ಕೆಲಸ. ಏರಿಯ ಹಿಂಬದಿ ಜಿನುಗುವ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡುತ್ತಿದ್ದ. ತಿಳಿಯಾಗಿದ್ದರೆ ಸುಮ್ಮನೆ ಮನೆಗೆ ಬರುತ್ತಿದ್ದ. ಕೆಂಪಾಗಿದ್ದರೆ ಒಳಗಿನ ಮಣ್ಣೇ ಕರಗಿ ಹೊರಟಿದೆ ಎಂದರ್ಥ. ಆಗ ಬೀದಿಯಲ್ಲಿ 'ಏರಿಗೆ ಬನ್ರಪ್ಪೋ' ಎಂದು ಕೂಗಿಕೊಂಡು ಓಡುತ್ತಿದ್ದ. ಆ ಕೂಗಿಗೆ ಯಾಕೆ ಎಂದು ಯಾರೂ ಕೇಳುವಂತಿರಲಿಲ್ಲ. ಬಾಣಂತಿ ಇದ್ದ ಮನೆಯಿಂದಲೂ ಒಬ್ಬರು ಮಣ್ಣು ಹೊರುವ ಮಂಕರಿ ಹಿಡಿದು ಬರಬೇಕಿತ್ತು.

ಅಪ್ಪನ ನಂತರ ಅಣ್ಣ. ಅಷ್ಟರಲ್ಲಿ ಗದ್ದೆಗಳೆಲ್ಲ ಲೇಔಟ್ ಆಗಿದ್ದವು. ಆದರೂ ಅವನು ಕಾಲುವೆಗೆ ಇಳಿದು ಪ್ಲಾಸ್ಟಿಕ್ ಎಳೆದು ಹಾಕುತ್ತಿದ್ದ. ಹುಡುಗರು ಅವನನ್ನು 'ಚರಂಡಿ ಸಾಹುಕಾರ' ಎಂದು ಆಡಿಕೊಳ್ಳುತ್ತಿದ್ದರು. ನನಗೆ ನಾಚಿಕೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಅದೇ ಊರಿನಲ್ಲಿ ಮದುವೆಯಾದವಳು. ನನ್ನ ಗಂಡ ಕಾಲುವೆಯ ದಂಡೆ ಒತ್ತಿ ಮನೆ ಕಟ್ಟಿ, ಪಕ್ಕದಲ್ಲೇ ಶೀಟಿನ ರೂಮುಗಳನ್ನು ಎಬ್ಬಿಸಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದವರಿಗೆ ಬಾಡಿಗೆಗೆ ಕೊಟ್ಟಿದ್ದ. ಅಣ್ಣ ಬಂದು ನೋಡಿ, "ಇದು ನೀರಿನ ಜಾಗ ಕಣಮ್ಮಿ, ಕಿತ್ತಾಕ್ಸು" ಅಂದಿದ್ದ. ಅವತ್ತಿನಿಂದ ನಾನು ಅವನ ಜೊತೆ ಮಾತು ಬಿಟ್ಟಿದ್ದೆ.

ಆ ಮಳೆಗಾಲದಲ್ಲಿ ಮೇಲುಗಡೆಯ ಲೇಔಟಿನವರು ಕಾಲುವೆಗೆ ಅಡ್ಡಲಾಗಿ ಕಾಂಪೌಂಡ್ ಕಟ್ಟಿದರು. ಒಂದು ಮಧ್ಯಾಹ್ನದ ಮಳೆಗೆ ಗೋಡೆಯ ಹಿಂದೆ ನೀರು ಕೆರೆಯಂತೆ ನಿಂತಿತು. ಬುಡದಲ್ಲಿ ಕೆಂಪು ನೀರು ಜಿನುಗುವುದನ್ನು ಅಣ್ಣ ನೋಡಿದ. ಗೋಡೆ ಒಮ್ಮೆಗೇ ಉರುಳಿದರೆ ನೀರು ನಮ್ಮ ರೂಮುಗಳ ಮೇಲೇ ಬರುತ್ತಿತ್ತು. ಹಾರೆ ತಂದು ಗೋಡೆಯ ಒಂದು ತುದಿ ಒಡೆದು, ನೀರು ಸ್ವಲ್ಪ ಸ್ವಲ್ಪವಾಗಿ ಕಾಲುವೆಗೆ ಇಳಿಯುವಂತೆ ಮಾಡಿದ.

ಲೇಔಟಿನ ಆಳುಗಳು ಅವನನ್ನು ಅಟ್ಟಿಸಿಕೊಂಡು ನಮ್ಮ ಬೀದಿಗೇ ಬಂದರು. ನನ್ನ ಬಾಗಿಲ ಮುಂದೆ ಕೆಡವಿದರು. ಮುಖವನ್ನು ಕೆಸರಿಗೆ ಅದುಮಿ ಒದ್ದರು. ತಲೆ ಎತ್ತಿದಾಗ ಅವನು ಅಯ್ಯೋ ಅನ್ನಲಿಲ್ಲ, ನನ್ನ ಹೆಸರೂ ಹಿಡಿಯಲಿಲ್ಲ. ಬಾಯಿಂದ ರಕ್ತ ಉಗುಳಿ, ಅಪ್ಪನ ದನಿಯಲ್ಲೇ, "ಏರಿಗೆ ಬನ್ರಪ್ಪೋ" ಅಂದ.

ಬಾಡಿಗೆಯವರಿಗೆ ಅದೇನೆಂದು ತಿಳಿಯಲಿಲ್ಲ. ಪಕ್ಕದ ರೂಮಿನ ಹೆಂಗಸು ನಾನು ನಿಂತಿದ್ದ ಕಿಟಕಿಯ ಹತ್ತಿರ ಬಂದು, "ಏನಂತಾನ್ರೀ ಅಕ್ಕಾರ ಅಂವಾ? ನಮ್ಮ ಗಂಡಸರನ್ನ ಕರೀಲೇನು?" ಎಂದು ಕೇಳಿದಳು.

"ಕುಡ್ದವ್ನೆ, ಬಿಡಿ" ಅಂದೆ.

ಅವಳು ಒಳಗೆ ಹೋದಳು. ಕಾಂಪೌಂಡ್ ಒಡೆದವನು ನಾಳೆ ನಮ್ಮ ಗೋಡೆಗೂ ಬರುತ್ತಾನೆ, ಎರಡೇಟು ಬಿದ್ದರೆ ಬುದ್ಧಿ ಬರಲಿ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ಒಬ್ಬ ಅವನ ಬಲಗೈ ಮಣಿಕಟ್ಟನ್ನು ತುಳಿದು ನಿಂತ. ಇನ್ನೊಬ್ಬ ಅವನದೇ ಹಾರೆಯನ್ನು ಎತ್ತಿ ಬೆರಳುಗಳ ಮೇಲೆ ಹಾಕಿದ. ಹಸಿ ಕಬ್ಬು ಮುರಿದ ಹಾಗೆ ಸದ್ದಾಯಿತು. ಮತ್ತೆ ಎತ್ತಿದ. ನಾನು ಕಿಟಕಿ ಮುಚ್ಚಿದೆ.

ಸಂಜೆ ನೀರು ಕಾಲುವೆಯಲ್ಲೇ ಹರಿದುಹೋಯಿತು. ನಮ್ಮ ಹೊಸಿಲು ಕೂಡ ನೆನೆಯಲಿಲ್ಲ.

ಆಸ್ಪತ್ರೆಯಲ್ಲಿ ಅವನಿಗೆ ನಾನು ರೇಷನ್ ಅಂಗಡಿಗೆ ಹೋಗಿದ್ದೆನೆಂದು ಹೇಳಿದೆ. "ಒಳ್ಳೇದಾಯ್ತು ಬಿಡು, ಇದ್ದಿದ್ರೆ ನಿಂಗೂ ಬೀಳೋವು" ಅಂದ.

ಆ ಮಾತನ್ನು ಹೊತ್ತುಕೊಂಡೇ ವರ್ಷಗಳನ್ನು ಕಳೆದೆ. ಕೆರೆ ನೊರೆ ಕಾರಿ, ನೊರೆ ರಸ್ತೆಗೆ ಹಾರತೊಡಗಿದ ಕಾಲಕ್ಕೆ ಒಂದು ದಿನ ಅವನು ಊಟಕ್ಕೆ ಬಂದ. ಮುದ್ದೆ ಮುರಿಯಲು ಎಡಗೈಯಲ್ಲಿ ಒದ್ದಾಡುತ್ತಾ, "ಈ ಕೈ ಇನ್ನೂ ಒಂದನೇ ಕ್ಲಾಸು ಕಣಮ್ಮಿ" ಎಂದು ನಕ್ಕ. ಸಾರಿನ ಸೌಟು ನನ್ನ ಕೈಯಲ್ಲೇ ಉಳಿಯಿತು.

"ಅಣ್ಣಾ, ಅವತ್ತು ನಾನು ರೇಷನ್ ಅಂಗ್ಡಿಗೆ ಓಗಿರ್ಲಿಲ್ಲ. ಒಳಗೇ ಇದ್ದೆ. ನೀನು ಏರಿಗೆ ಕರ್ದಿದ್ದು ನಂಗೆ ಕೇಳಿಸ್ತು. ಗಂಡಸ್ರನ್ನ ಕರೀಲಾ ಅಂತ ಬಂದೋಳಿಗೂ ಕುಡ್ದವ್ನೆ ಅಂತ ಏಳ್ಬಿಟ್ಟೆ. ತಪ್ಪಾಯ್ತು ಅಣ್ಣಾ."