ಅತ್ತೆಯ ಫೋಟೋ

ನನ್ನ ಅತ್ತೆಯನ್ನು, ಅಂದರೆ ಅಪ್ಪನ ಅಕ್ಕನನ್ನು, ಬೀದಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ‘ಗಲ್ಲದಮ್ಮ’ ಎಂದು. ಅಪ್ಪನ ಫೋಟೋ ಸ್ಟುಡಿಯೋದಲ್ಲಿ ಮೂವತ್ತು ವರ್ಷ ಅವಳ ಕೆಲಸ ಅದೇ. ಸ್ಟೂಲಿನ ಮೇಲೆ ಕೂತವರ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ಒಂಚೂರು ಕೆಳಗೆ, ಒಂಚೂರು ಬಲಕ್ಕೆ ತಿರುಗಿಸುವುದು, ಕಾಲರ್ ಸರಿಮಾಡುವುದು, ಅಳುವ ಮಗುವಿನ ಮುಂದೆ ಬೆಕ್ಕಿನ ಹಾಗೆ ಕೂಗುವುದು. ಎಂಥ ದೊಡ್ಡ ಅಧಿಕಾರಿ ಬಂದರೂ ಅವಳಿಗೆ ಲೆಕ್ಕವಿಲ್ಲ. “ಫೋಟೋಗೆ ಕೂತಿದ್ದೀರೋ, ಹಲ್ಲು ಕೀಳಿಸೋಕೆ ಕೂತಿದ್ದೀರೋ ಸಾರ್?” ಎಂದು ಗದರುತ್ತಿದ್ದಳು. ಅವರ ಮುಖದ ಬಿಗಿ ಸಡಿಲವಾದ ಕೂಡಲೇ ಅಪ್ಪ “ತೆಗೀಲಾ?” ಎಂದು ಕೇಳಿ ಗುಂಡಿ ಒತ್ತುತ್ತಿದ್ದ. ಹೆಸರೆಲ್ಲ ಅಪ್ಪನಿಗೆ ಬಂತು. ಇದನ್ನು ನಾನು ಎಷ್ಟು ಸಲ ಹೇಳಿದರೂ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅತ್ತೆ ಎದ್ದಾಗ ಮುಖದ ಎಡಭಾಗ ಜೋತುಬಿದ್ದಿತ್ತು. ನರ ಸೋತಿದೆ ಎಂದರು ಡಾಕ್ಟರು. ಮಾತು ಸರಿಹೋಯಿತು, ಕೆನ್ನೆ ಮೇಲೇಳಲಿಲ್ಲ. ಅವತ್ತಿನಿಂದ ಅವಳು ಗಿರಾಕಿಗಳ ಎದುರಿಗೆ ಬರುವುದನ್ನು ಬಿಟ್ಟಳು. ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಫೋಟೋ ಸರಿಮಾಡಿ, ಪ್ರಿಂಟ್ ತೆಗೆದು, ಕತ್ತರಿಸಿ ಕೊಡುವುದಷ್ಟೇ. ನಡುವೆ ಒಂದು ಪರದೆ.

ಅಷ್ಟರಲ್ಲಿ ಅವಳ ಗುರುತಿನ ಚೀಟಿಯ ಅವಧಿ ಮುಗಿಯುತ್ತ ಬಂತು. ಹಳೇ ಫೋಟೋ ಹಿಡಿದುಕೊಂಡು ಕಚೇರಿಗೆ ಹೋದಳು. ಗುಮಾಸ್ತ ಫೋಟೋ ನೋಡಿದ, ಅವಳನ್ನು ನೋಡಿದ, “ಇದು ನೀವಲ್ಲ, ಬೇರೆ ತನ್ನಿ” ಎಂದು ಕಾಗದವನ್ನು ಹಿಂದಕ್ಕೆ ತಳ್ಳಿದ. ನಿಯಮವಂತೆ. ನಿಯಮವೇ ಇರಲಿ, ಅವನನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಚೀಟಿ ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಅವಳ ಔಷಧಿ ನಿಂತುಹೋಗುತ್ತದೆ. ತಿಂಗಳ ಕೊನೆಯೇ ಗಡುವು. ಆದರೂ ಅತ್ತೆ ಜಪ್ಪಯ್ಯ ಅಂದರೂ ಹೊಸ ಫೋಟೋಗೆ ಒಪ್ಪಲಿಲ್ಲ.

ಅದೇ ತಿಂಗಳು ಅಪ್ಪ ನನ್ನ ಮಾತು ಕೇಳಿ ಮಿರರ್‌ಲೆಸ್ ಕ್ಯಾಮೆರಾ ಕೊಂಡ. ಲೆನ್ಸ್ ಕಳಚಿ ಒಳಗೆ ಇಣುಕಿ, “ಒಳಗೆ ಕನ್ನಡೀನೇ ಇಲ್ವಲ್ಲೇ, ಟೋಪಿ ಹಾಕಿದ್ನಾ ಅಂಗಡಿಯವನು?” ಎಂದ. ಹಳೇ ಕ್ಯಾಮೆರಾದ ಹಾಗೆ ಒಳಗೆ ಕನ್ನಡಿ ಇಲ್ಲದ್ದರಿಂದಲೇ ಅದು ಅಂಗೈಯಗಲ ಇರುವುದು, ಬೇಕೆಂದರೆ ಚೂರೂ ಸದ್ದು ಮಾಡದೆ ಫೋಟೋ ತೆಗೆಯುವುದು ಎಂದು ಬಿಡಿಸಿ ಹೇಳಿದೆ. ಅದರ ಬೆನ್ನಿನ ಸ್ಕ್ರೀನನ್ನು ಮೇಲಕ್ಕೆ ಮಡಚಿದರೆ ಹೊಟ್ಟೆಯ ಹತ್ತಿರ ಹಿಡಿದೇ ತೆಗೆಯಬಹುದು. ಅಪ್ಪ ಮಾರನೆಯ ದಿನವೇ ಲೆನ್ಸ್ ಜೋಡಿಸುವ ಒಂದು ಉಂಗುರ ತಂದು ತನ್ನ ಹಳೇ ಲೆನ್ಸುಗಳನ್ನೂ ಅದಕ್ಕೆ ಕೂರಿಸಿದ. ತೆಗೆದ ಚಿತ್ರ ತಂತಿಯಿಲ್ಲದೆ ತಾನೇ ಹಿಂದಿನ ಕೋಣೆಯ ಕಂಪ್ಯೂಟರಿಗೆ ಹೋಗುವ ಹಾಗೆ ಹೊಂದಿಸಿಕೊಟ್ಟವಳು ನಾನು.

ಒಂದು ಮಧ್ಯಾಹ್ನ ಒಬ್ಬಾಕೆ ಕೈಗೂಸನ್ನು ತಂದಳು. ಮಗು ಕಿಟಾರನೆ ಕಿರುಚತೊಡಗಿತು. ಪರದೆಯ ಹಿಂದಿನಿಂದ ಅತ್ತೆ ಬೆಕ್ಕಿನ ಹಾಗೆ ಕೂಗಿದಳು. ಅದಕ್ಕೂ ಮಗು ಸುಮ್ಮನಾಗದಿದ್ದಾಗ ತಡೆಯಲಾರದೆ ಪರದೆ ಸರಿಸಿ ಮುಖ ಹೊರಗೆ ಹಾಕಿದಳು. ಮಗು ಬಾಯಿ ಮುಚ್ಚಿ ಅವಳನ್ನೇ ನೋಡಿತು, ಅವಳೂ ಮಗುವನ್ನೇ ನೋಡಿದಳು. ಅಪ್ಪ ಮಗುವನ್ನೂ “ತೆಗೀಲಾ?” ಎಂದು ಕೇಳಿ ಫೋಟೋ ತೆಗೆದ. ಅವಳು ಒಳಗೆ ಬಂದು ಕುರ್ಚಿಯಲ್ಲಿ ಕೂತಳು.

ನಾನು ಪಕ್ಕದಲ್ಲೇ ಪ್ರಿಂಟರಿಗೆ ಕಾಗದ ತುಂಬುತ್ತಿದ್ದೆ. ಕಂಪ್ಯೂಟರಿನಲ್ಲಿ ಮಗು ಬಂತು. ಇನ್ನೊಂದು ಸಲ ಮಗು. ಆಮೇಲೆ ಅತ್ತೆ. ಕೆನ್ನೆ ಇಳಿಬಿದ್ದು, ಎಡಗಣ್ಣು ಅರ್ಧ ಮುಚ್ಚಿ, ನೆಟ್ಟಗೆ ಈ ಕಡೆ ನೋಡುತ್ತಿರುವ ಅತ್ತೆ. ಹೊಟ್ಟೆಯ ಹತ್ತಿರ ಹಿಡಿದು, ಸದ್ದಿಲ್ಲದೆ ತೆಗೆದ ನಮ್ಮಪ್ಪನೆಂಬ ಬುದ್ಧಿವಂತನಿಗೆ ಚಿತ್ರ ಹೋಗಿ ಬೀಳುವುದೆಲ್ಲಿ ಎಂಬುದೇ ಮರೆತುಹೋಗಿತ್ತು.

ಗಿರಾಕಿ ಹೋಗುವ ತನಕ ಅತ್ತೆ ಆ ಚಿತ್ರವನ್ನೇ ನೋಡುತ್ತ ಕೂತಳು. ಅಪ್ಪ ಒಳಗೆ ಬಂದವನು ಕಂಪ್ಯೂಟರ್ ನೋಡಿ ಇಂಗು ತಿಂದ ಮಂಗನಂತಾದ.

“ಚೀಟಿಗಾಗತ್ತೆ ಅಂತ ತೆಗ್ದೆ ಅಕ್ಕ. ನಿನ್ನ ಒಳ್ಳೇದಕ್ಕೇ...”

“ಬಂದೋರಿಗೆಲ್ಲ ‘ತೆಗೀಲಾ’ ಅಂತ ಕೇಳ್ತೀಯಲ್ಲೋ. ಮಾತು ಬರದ ಆ ಕೂಸನ್ನೂ ಕೇಳ್ದೆ. ನನ್ನನ್ನ ಯಾಕೋ ಕೇಳ್ಲಿಲ್ಲ?”

“ಕೇಳಿದ್ರೆ ಬೇಡ ಅಂತಿದ್ದೆ.”

“ಬೇಡ ಅನ್ನೋದಕ್ಕಾದ್ರೂ ಬಿಡಬೇಕಿತ್ತು.”

ಅಪ್ಪ ಅವಳ ಎದುರಿಗೇ ಅದನ್ನು ಅಳಿಸಿದ. ಅತ್ತೆ ಎರಡು ದಿನ ಸ್ಟುಡಿಯೋ ಕಡೆ ತಲೆ ಹಾಕಲಿಲ್ಲ, ಅಪ್ಪನ ಜೊತೆ ಮಾತೂ ಇಲ್ಲ. ಕತ್ತರಿಸುವ ಕೆಲಸ ನನ್ನ ಪಾಲಿಗೆ ಬಂತು. ಇಬ್ಬರು ಗಿರಾಕಿಗಳ ಕಿವಿ ಹಾರಿಸಿ ಬೈಸಿಕೊಂಡೆ. ಅಪ್ಪನನ್ನು ನೋಡಿದರೆ ಕೋಪವೂ ಬರುತ್ತಿತ್ತು, ಅಯ್ಯೋ ಪಾಪ ಅಂತಲೂ ಅನಿಸುತ್ತಿತ್ತು. ಅಕ್ಕನ ಔಷಧಿ ನಿಲ್ಲುತ್ತದಲ್ಲ ಎಂಬ ಭಯ ಬಿಟ್ಟು ಅವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಗಡುವಿಗೆ ಇನ್ನೆರಡು ದಿನ ಇತ್ತು. ಬೆಳಿಗ್ಗೆ ಬಾಗಿಲು ತೆರೆದು ಇನ್ನೂ ಕಸ ಗುಡಿಸಿರಲಿಲ್ಲ, ಅತ್ತೆ ಬಂದು ಸೀದಾ ಸ್ಟೂಲಿನ ಮೇಲೆ ಕೂತಳು. ಅಪ್ಪ ಗಡಿಬಿಡಿಯಿಂದ ದೀಪವನ್ನು ಅವಳ ಬಲಕ್ಕೆ ಇಟ್ಟ, ಎಡಗೆನ್ನೆ ನೆರಳಿಗೆ ಸರಿಯುವ ಹಾಗೆ. ಆಮೇಲೆ ಮೆಲ್ಲಗೆ ಕೇಳಿದ. “ತೆಗೀಲಾ ಅಕ್ಕ?”

ಅತ್ತೆ ಬೇಕೆಂದೇ ಅವನನ್ನು ಕಾಯಿಸಿದಳು.

“ತೆಗಿ. ದೀಪ ಈ ಕಡೆ ತಾ.”

“ಆ ಕಡೆ ಬೆಳಕು ಬಿದ್ರೆ ಎಲ್ಲಾ ಕಾಣತ್ತಕ್ಕ.”

“ಕಾಣ್ಲಿ ಕಣೋ. ಎರಡು ವರ್ಷದಿಂದ ಇದೇ ನನ್ನ ಮುಖ.”

ಅಪ್ಪ ದೀಪವನ್ನು ಎಡಕ್ಕೆ ತಂದಿಟ್ಟು ಕ್ಯಾಮೆರಾ ಎತ್ತಿಕೊಂಡ. ಅವನ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಎದುರಿಗಿರುವವರ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಸಣ್ಣ ಚೌಕವೊಂದು ಆ ಕ್ಯಾಮೆರಾದಲ್ಲಿದೆ. ಅದು ಅತ್ತೆಯ ಎಡಗಣ್ಣಿನ ಮೇಲೆ ಹೋಗಿ ನಿಂತಿತು. ನಾನು ಅಪ್ಪನ ಬೆನ್ನ ಹಿಂದಿನಿಂದ ಸ್ಕ್ರೀನ್ ನೋಡಿ, “ಸರಿಯಾಗಿದೆ ಅಪ್ಪ, ಒತ್ತು” ಅಂದೆ.